ಎಡಬದಿಯ ಹೆಜ್ಜೆಗಳು

ಮಳೆಗಾಲ ಮುಗಿದು, ಬಿಸಿಲು ತನ್ನ ಕಾಠಿಣ್ಯವನ್ನು ಇನ್ನೂ ನೆನಪಿಸಿಕೊಳ್ಳದ ಆ ಸಂಧಿಕಾಲದ ಸಂಜೆಗಳನ್ನು ನೀವು ಕಂಡಿದ್ದೀರಲ್ಲವೇ, ಸಹೃದಯರೇ? ಪಶ್ಚಿಮದ ಮೇಘಮಾಲೆಯ ಅಂಚಿಗೆ ಹೊಂಬಣ್ಣ ಹಚ್ಚಿ, ನೀರಿನ ತೊಟ್ಟಿಯ ನೆತ್ತಿಯಿಂದ ಮೆಲ್ಲನೆ ಜಾರಿ, ಬಟ್ಟೆ ಗಿರಣಿಯ ಉದ್ದನೆಯ ಗೋಡೆಗೆ ಕ್ಷಣಕಾಲ ಒರಗಿ, ಕಡೆಗೆ ಆ ಮೈದಾನದ ಮಣ್ಣಿನ ಮೇಲೆ ಮೈಚಾಚಿ ಮಲಗುತ್ತಿದ್ದ ಬೆಳಕು... ಅದೆಂಥ ಬೆಳಕು! ಸುಣ್ಣದ ಗೆರೆಗಳು ಆ ಹೊತ್ತಿಗೆ ಮಲ್ಲಿಗೆಯ ದಂಡೆಯಷ್ಟು ಬೆಳ್ಳಗೆ ಕಾಣುತ್ತಿದ್ದವು. ಇಪ್ಪತ್ತು ಮಕ್ಕಳ ಪುಟ್ಟ ಪಾದಗಳು ಎಬ್ಬಿಸಿದ ಧೂಳು ಕೂಡ ಕೆಳಗಿಳಿಯಲು ಮನಸ್ಸಿಲ್ಲದೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಆ ಕಲರವದ ನಡುವೆ ಆಗಾಗ ಒಂದು ಸೀಟಿ ಕೇಳುತ್ತಿತ್ತು. ಸೀಟಿ ಊದುತ್ತಿದ್ದವಳು ಗೋಲುಕಂಬದ ಬಳಿ ಒಂಟಿಯಾಗಿ ನಿಂತಿದ್ದಳು, ಮತ್ತು ಅವಳ ಕೈಯಲ್ಲಿ ಮಡಿಸಿದ ಒಂದು ಕಪ್ಪು ಕೊಡೆಯಿತ್ತು.

ಮಳೆಯಿಲ್ಲ, ಬಿಸಿಲಿಲ್ಲ, ಕೊಡೆಯೇಕೆ ಎಂದು ಕೇಳುತ್ತೀರಾ? ಹಾಕಿ ಕಲಿಸುವವಳ ಕೈಯಲ್ಲಿ ಹಾಕಿ ಸ್ಟಿಕ್ ಇರಬೇಕಾದದ್ದು ಲೋಕಾರೂಢಿ. ಆದರೆ ಈ ತರಬೇತುಗಾರ್ತಿ ಇಪ್ಪತ್ತೈದು ವರ್ಷಗಳಿಂದ ಸ್ಟಿಕ್ ಮುಟ್ಟಿದವಳಲ್ಲ. ಕೊಡೆಯನ್ನು ತಲೆಕೆಳಗಾಗಿ ಹಿಡಿದರೆ ಅದರ ಬಾಗಿದ ಹಿಡಿ ಸ್ಟಿಕ್ಕಿನ ತುದಿಯಂತೆಯೇ ನೆಲಕ್ಕೆ ತಾಗುತ್ತಿತ್ತು. ಎಡಗೈ ಮೇಲೆ, ಬಲಗೈ ಕೆಳಗೆ, ಮೊಣಕಾಲು ಕೊಂಚ ಬಗ್ಗಿಸಿ, ಇಲ್ಲದ ಚೆಂಡೊಂದನ್ನು ಅವಳು ಆ ಕೊಡೆಯಿಂದ ನೂಕಿ ತೋರಿಸುತ್ತಿದ್ದ ಲಾಲಿತ್ಯಕ್ಕೆ ನೋಡಿದವರು ಮರುಳಾಗಬೇಕು! ಮಕ್ಕಳು ಅವಳನ್ನು ‘ಕೊಡೆ ಮಿಸ್’ ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಅವಳ ಶಿಕ್ಷಣಕ್ರಮವೂ ಕೊಂಚ ವಿಲಕ್ಷಣವೇ. ಮೊದಲ ವಾರ ಯಾವ ಮಗುವಿಗೂ ಗೋಲು ಹೊಡೆಯುವ ಮಾತಿಲ್ಲ. ಚೆಂಡನ್ನು ಮುಂದಿಟ್ಟುಕೊಂಡು ಸುಮ್ಮನೆ ಮೈದಾನ ಸುತ್ತಬೇಕು, ಬೇಕಾದರೆ ಅದರ ಜೊತೆ ಮಾತಾಡಬಹುದು. ಮಗ್ಗಿ ಹೇಳಿಕೊಡುತ್ತ ನಡೆದವರುಂಟು, ಅಣ್ಣನ ಮೇಲೆ ಚಾಡಿ ಹೇಳಿದವರುಂಟು! ಕಡೆಯ ಕಾಲು ಗಂಟೆ ಸೀಟಿ ಅವಳ ಜೇಬು ಸೇರುತ್ತಿತ್ತು. ಆಗ ಮಕ್ಕಳದೇ ರಾಜ್ಯ, ಜಗಳವೂ ಅವರದೇ, ನ್ಯಾಯವೂ ಅವರದೇ. ಆಟವನ್ನು ಕಲಿಸಬಹುದು, ಆಟದ ಮೇಲಿನ ಮಮತೆ ಮಾತ್ರ ತಾನಾಗಿ ಹುಟ್ಟಬೇಕು ಎಂದು ಅವಳು ನಂಬಿದ್ದಳು. ಒಂದೇ ಒಂದು ಕಟ್ಟಪ್ಪಣೆಯಿತ್ತು: ಹೊಡೆತದ ಅಭ್ಯಾಸ ನಡೆಯುವಾಗ, ಹೊಡೆತ ನಿಲ್ಲಿಸುವ ಸೀಟಿ ಕೇಳುವ ಮುಂಚೆ ಯಾರೂ ಸುಣ್ಣದ ಗೆರೆ ದಾಟುವಂತಿಲ್ಲ. ಆ ವಿಷಯದಲ್ಲಿ ಮಾತ್ರ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಮಕ್ಕಳು ಹೊರಟ ಮೇಲೆ ಮೈದಾನಕ್ಕೆ ಇಳಿಯುತ್ತಿದ್ದ ಆ ನಿಶ್ಶಬ್ದ! ಚೆಂಡುಗಳನ್ನು ಗೋಣಿಚೀಲಕ್ಕೆ ತುಂಬಿ, ತಗಡಿನ ಕೋಣೆಗೆ ಬೀಗ ಹಾಕಿ, ಅವಳು ತನ್ನ ಒಂಟಿ ಕೋಣೆಗೆ ಮರಳುತ್ತಿದ್ದಳು. ಅಲ್ಲಿ ಒಂದು ಒಲೆ, ಬೋರಲು ಹಾಕಿದ ಒಂದು ಲೋಟ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಯಾವಾಗಲೂ ಇಸ್ತ್ರಿ ಮಾಡಿದ ಬಟ್ಟೆಗಳಿರುತ್ತಿದ್ದವು. ‘ಇವತ್ತು ಏನಾಯ್ತು ಗೊತ್ತಾ?’ ಎಂದು ಶುರುಮಾಡಲು ಅವಳಿಗೆ ನೂರು ಮಾತುಗಳಿದ್ದವು, ಕೇಳುವ ಒಂದು ಜೀವ ಇರಲಿಲ್ಲ.

ಆ ದಾರಿಯಲ್ಲೇ ಬಡಗಿಯ ಅಂಗಡಿ. ಮುರಿದ ಸ್ಟಿಕ್ಕುಗಳಿಗೆ ಮರುಜನ್ಮ ಕೊಡುವ ಕೈ ಅವನದು. ಎಡಗಣ್ಣಿಲ್ಲ. “ಬಡಗಿಗೆ ಒಂದೇ ಕಣ್ಣು ಸಾಕು, ನೇರ ನೋಡೋಕೆ ಇನ್ನೊಂದನ್ನ ಹೇಗೂ ಮುಚ್ಚಬೇಕಲ್ಲ,” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಅವಳು ಆ ಹೊಸ್ತಿಲನ್ನು ಎಂದೂ ತುಳಿದಿರಲಿಲ್ಲ. ಒಡೆದ ಸ್ಟಿಕ್ಕನ್ನು ಮಕ್ಕಳ ಕೈಲಿ, ಒಂದು ಚೀಟಿ ಕಟ್ಟಿ, ಕಳಿಸುತ್ತಿದ್ದಳು. ‘ಹಿಡಿ ಸಡಿಲ’ ಎಂದು ಅವಳು ಬರೆದರೆ, ಅದೇ ಚೀಟಿಯ ಬೆನ್ನಿಗೆ ‘ಆಯಿತು’ ಎಂದು ಬರೆದು ಅವನು ಹಿಂತಿರುಗಿಸುತ್ತಿದ್ದ. ‘ತುದಿ ಸೀಳಿದೆ’... ‘ಆಯಿತು’. ಇಂಥ ಪತ್ರವ್ಯವಹಾರವನ್ನು ಪ್ರೇಮವೆನ್ನುವುದೇ ಎಂದು ನೀವು ನಗಬಹುದು. ಅವಳು ಆ ಚೀಟಿಗಳಲ್ಲಿ ಒಂದನ್ನೂ ಎಸೆದಿರಲಿಲ್ಲ. ಪೇಟೆಯಲ್ಲೋ ಬಸ್ಸಿನ ನಿಲ್ದಾಣದಲ್ಲೋ ಅವನು ಎದುರಾದರೆ ಮಾತ್ರ ಅವನ ಎಡಬದಿಗೆ, ಆ ಕುರುಡು ಬದಿಗೆ, ಸದ್ದಿಲ್ಲದೆ ಸರಿದು ದಾಟಿಬಿಡುತ್ತಿದ್ದಳು. ಅವನಿಗೆ ಕಾಣದಂತೆ ಅವನ ಪಕ್ಕದಲ್ಲಿ ಹಾದುಹೋಗುವ ಆ ನಾಲ್ಕು ಹೆಜ್ಜೆಗಳೇ ಅವಳ ಪಾಲಿನ ಸಾಮೀಪ್ಯ.

ಏಕೆಂದರೆ ಆ ಕಣ್ಣನ್ನು ಕಳೆದವಳು ಅವಳೇ! ಹತ್ತೊಂಬತ್ತರ ಹರೆಯದಲ್ಲಿ ಇಬ್ಬರೂ ಇದೇ ಮೈದಾನದಲ್ಲಿ ಆಡುತ್ತಿದ್ದರು. ಅವನು ಗಾಳಿಯಂತೆ ಓಡುವ ಮುಂಚೂಣಿ ಆಟಗಾರ, ಅವಳು ಬಂಡೆಯಂತೆ ನಿಲ್ಲುವ ರಕ್ಷಣಾ ಆಟಗಾರ್ತಿ. ಇಬ್ಬರ ಕಣ್ಣುಗಳೂ ಪರಸ್ಪರ ಹೇಳಿದ್ದನ್ನು ಇಬ್ಬರ ಬಾಯಿಗಳೂ ಇನ್ನೂ ಹೇಳಿರಲಿಲ್ಲ... ಒಂದು ಸಂಜೆ ಹೊಡೆತದ ಅಭ್ಯಾಸ. ತಲೆ ಬಗ್ಗಿಸಿ, ಚೆಂಡನ್ನೇ ನೋಡುತ್ತ, ಅವಳು ಸ್ಟಿಕ್ ಎತ್ತಿದಳು. ಎಲ್ಲೋ ಸೀಟಿ ಕೇಳಿತು. ಎತ್ತಿದ ಕೈ ನಿಲ್ಲಲಿಲ್ಲ. ಚೆಂಡು ಪುಟಿದು ಮೇಲೆದ್ದಿತು, ಮತ್ತು ಎದುರಿಗೆ, ಇರಬಾರದ ಜಾಗದಲ್ಲಿ, ಅವನ ಮುಖವಿತ್ತು. ‘ಸೀಟಿ ಕೇಳಿಸಲಿಲ್ಲವೇ ನಿನಗೆ?’ ಎಂದು ಯಾರೋ ಕೇಳಿದರು. ಕೇಳಿಸಿತ್ತು, ಅದೇ ಅವಳ ನರಕ! ಸ್ಟಿಕ್ಕನ್ನು ಅಲ್ಲೇ ಎಸೆದು ಹೋದವಳು ಆಸ್ಪತ್ರೆಯ ಬಾಗಿಲವರೆಗೆ ಮೂರು ಸಲ ಹೋಗಿ ಮೂರು ಸಲವೂ ಹಿಂದಿರುಗಿದಳು.

ಇಷ್ಟು ಕಾಲ ಹೂತಿಟ್ಟ ಈ ಕಥೆಯನ್ನು ಅಗೆದು ತೆಗೆದವಳು ‘ಕಡ್ಡಿ’ ಎಂಬ ಒಂಬತ್ತರ ಪೋರಿ. ಹೆಸರಿಗೆ ತಕ್ಕ ಮೈ. ಆದರೆ ಚೆಂಡು ಕಾಲಬುಡಕ್ಕೆ ಬಂತೆಂದರೆ ಆ ಕಡ್ಡಿಗೆ ಬೆಂಕಿ ಹತ್ತಿತೆಂದೇ ಲೆಕ್ಕ! ಸೀಟಿಯಿಲ್ಲದ ಕಾಲು ಗಂಟೆಯಲ್ಲಿ ಒಂದು ದಿನ ಅವಳು ಬೀಸಿದ ಏಟಿಗೆ ಚೆಂಡು ಹಾರಿ, ಅವಳ ದೊಡ್ಡಮ್ಮನ ಮಗಳ ತುಟಿ ಸೀಳಿತು. ಎರಡು ಹೊಲಿಗೆ ಬಿತ್ತು. ಅಕ್ಕ ನಾಲ್ಕನೆಯ ದಿನಕ್ಕೆ ಊದಿದ ತುಟಿಯಲ್ಲೇ ನಗುತ್ತ ಆಟಕ್ಕೆ ಬಂದಳು, ಕಡ್ಡಿ ಬರಲಿಲ್ಲ. ಅವಳ ಸ್ಟಿಕ್ ತಗಡಿನ ಕೋಣೆಯ ಮೂಲೆಯಲ್ಲಿ ಒಂಬತ್ತು ದಿನ ಅನಾಥವಾಗಿ ನಿಂತಿತ್ತು. ಮಿಸ್ಸಿಗೆ ಆ ಮೂಲೆಯನ್ನು ನೋಡಲಾಗಲಿಲ್ಲ. ತಾನು ನಡೆದ ಹಾದಿಯನ್ನೇ ಇನ್ನೊಂದು ಬಾಳೂ ಹಿಡಿಯುವುದನ್ನು ಅವಳು ಕಂಡಳು. ಹತ್ತನೆಯ ದಿನ ಅವಳು ಕಡ್ಡಿಯ ಮನೆಗೆ ಹೋದಳು.

ಮಗು ಮೆಟ್ಟಿಲ ಮೇಲೆ ಕೂತು ಶೂಗಳಿಗೆ ಪಾಲಿಶ್ ಹಚ್ಚುತ್ತಿತ್ತು.

“ಅಕ್ಕನೇ ಆಡ್ತಿದಾಳೆ. ನೀನ್ಯಾಕೆ ಬರ್ತಿಲ್ಲ, ಪುಟ್ಟ?”

“ನನ್ನ ಕೈ ಸರಿ ಇಲ್ಲ ಮಿಸ್.”

“ಕೈಗೇನಾಗಿದೆ? ಚೆಂಡು ಹಾರ್ತು, ಅಷ್ಟೇ. ಮತ್ತೆ ಸ್ಟಿಕ್ ಹಿಡಿದ್ರೆ ಭಯ ತಾನಾಗಿ ಹೋಗುತ್ತೆ.”

ಕಡ್ಡಿ ಬ್ರಷ್ಷನ್ನು ಕೆಳಗಿಟ್ಟು ಮುಖವೆತ್ತಿದಳು. ಮಕ್ಕಳ ಕಣ್ಣುಗಳಿಗೆ ದಾಕ್ಷಿಣ್ಯವೆಂಬುದಿಲ್ಲ. “ನಿಮ್ಮ ಭಯ ಹೋಯ್ತಾ ಮಿಸ್? ನೀವೂ ಯಾರಿಗೋ ಹೊಡೆದಿದ್ರಂತೆ. ಅದಕ್ಕೇ ಕೊಡೆ ಹಿಡ್ಕೊಳ್ತೀರಂತೆ. ನಮಗೆಲ್ಲ ಗೊತ್ತು.”

ಮಿಸ್ ಕೈಯಲ್ಲಿದ್ದ ಕೊಡೆಯನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ನೀವು ಹಿಡಿದ್ರೆ ನಾನೂ ಹಿಡೀತೀನಿ,” ಎಂದಿತು ಮಗು, ಮತ್ತೆ ಶೂ ಉಜ್ಜತೊಡಗಿತು.

ಹೊರಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಕಾಲುಗಳು ಅವಳನ್ನು ಕೇಳಲಿಲ್ಲ, ನೇರ ಬಡಗಿಯ ಅಂಗಡಿಯ ಮುಂದೆ ತಂದು ನಿಲ್ಲಿಸಿದವು. ಅವನು ಬಾಗಿಲಿಗೆ ಎಡಮಗ್ಗುಲಾಗಿ ಕೂತು, ಸ್ಟಿಕ್ಕೊಂದನ್ನು ಬಲಗಣ್ಣಿಗೆ ಹಿಡಿದು ಅದರ ನೇರ ನೋಡುತ್ತಿದ್ದ. ಕೂದಲಿನಲ್ಲಿ ಮರದ ಹೊಟ್ಟು... ಅಥವಾ ಅದು ನರೆಯೋ! ಅವಳಿಗೆ ತಿರುಗಿ ಓಡಿಬಿಡಬೇಕೆನಿಸಿತು.

“ಒಳಗೆ ಬಾ,” ಎಂದ ಅವನು, ತಲೆ ತಿರುಗಿಸದೆ. “ಬಾಗಿಲಲ್ಲಿ ನಿಂತ್ರೆ ಬೆಳಕು ಬರಲ್ಲ.”

“ನಾನು ಅಂತ... ನಿಮಗೆ ಹೇಗೆ ಗೊತ್ತಾಯ್ತು?”

“ಇಪ್ಪತ್ತೈದು ವರ್ಷದಿಂದ ನನ್ನ ಎಡಗಡೆಯಿಂದ ದಾಟೋ ಹೆಜ್ಜೆ ಇದೊಂದೇ. ಹೋಗಿರೋದು ಕಣ್ಣು, ಕಿವಿಯಲ್ಲ.”

ಅಯ್ಯೋ, ಅವಳ ಆ ರಹಸ್ಯ ಸಾಮೀಪ್ಯ! ಅದು ರಹಸ್ಯವಾಗಿರಲೇ ಇಲ್ಲ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. “ನನಗೊಂದು ಸ್ಟಿಕ್ ಬೇಕಿತ್ತು.”

“ಯಾವ ಮಗುಗೆ? ಎಷ್ಟೆತ್ತರ ಇದೆ?”

“ಮಗುಗಲ್ಲ. ನನಗೆ.”

ಅವನ ಕೈ ನಿಂತಿತು. ಎದ್ದು, ಸ್ಟೂಲಿನ ಮೇಲೆ ಹತ್ತಿ, ಅಟ್ಟದಿಂದ ಹಳೆಯ ದುಪ್ಪಟಿ ಸುತ್ತಿದ ಒಂದು ವಸ್ತುವನ್ನು ಇಳಿಸಿದ. ಅವಳದೇ ಸ್ಟಿಕ್! ಅಗಸೆ ಎಣ್ಣೆ ಕುಡಿದೂ ಕುಡಿದೂ ಅದು ಜೇನಿನ ಬಣ್ಣಕ್ಕೆ ತಿರುಗಿತ್ತು; ಹಿಡಿಗೆ ಹೊಸ ಪಟ್ಟಿ ಸುತ್ತಿತ್ತು. “ವರ್ಷಕ್ಕೊಂದು ಸಲ ಎಣ್ಣೆ ಹಚ್ಚಿದೀನಿ,” ಎಂದ. “ಮರ ಒಣಗಿದ್ರೆ ಸೀಳಿಬಿಡುತ್ತೆ.”

ಅವಳ ಕಣ್ಣು ತುಂಬಿಬಂತು. “ಅವತ್ತು ನನಗೆ ಸೀಟಿ ಕೇಳಿಸಿತ್ತು. ಆದ್ರೂ ಹೊಡೆದೆ. ಕ್ಷಮಿಸು ಅನ್ನೋಕೂ ನನಗೆ ಮುಖ ಇರಲಿಲ್ಲ.”

“ಆ ಸೀಟಿ ನಮ್ಮದಲ್ಲ,” ಎಂದ ಅವನು ಮೆಲ್ಲಗೆ. “ಅದು ಆ ತುದೀಲಿ ಆಡ್ತಿದ್ದ ಚಿಕ್ಕ ಮಕ್ಕಳದು. ನಮ್ಮ ಸೀಟಿ ಇನ್ನೂ ಊದಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಗೆರೆ ದಾಟಿ ಓಡಿಬಂದೆ. ನಿನ್ನ ಮುಂದಿಂದ ಚೆಂಡು ಕದ್ದು ನಿನ್ನ ನಗಿಸೋಣ ಅಂತ... ತಪ್ಪು ನನ್ನದು.”

“ಯಾಕೆ ಹೇಳಲಿಲ್ಲ?” ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

“ಮೊದಲು ನಾಚಿಕೆ. ಆಮೇಲೆ...” ಅವನು ಕೈಗಂಟಿದ ಹೊಟ್ಟನ್ನು ನೋಡಿಕೊಂಡ. “ತಪ್ಪು ನಿನ್ನದೇ ಅಂತ ನೀನು ಅಂದ್ಕೊಂಡಿದ್ರೆ, ಕ್ಷಮೆ ಕೇಳೋಕಾದ್ರೂ ಒಂದು ದಿನ ಬರ್ತೀಯ ಅಂದ್ಕೊಂಡೆ. ನಿಜ ಹೇಳಿಬಿಟ್ರೆ, ನಿನಗೆ ಇಲ್ಲಿಗೆ ಬರೋಕೆ ಕಾರಣನೇ ಇರ್ತಿರಲಿಲ್ಲ.”

ಈ ಕ್ಷಣದಲ್ಲಿ ಇಬ್ಬರೂ ಕೈ ಕೈ ಹಿಡಿದುಕೊಂಡರೆಂದು ನಾನು ಬರೆದರೆ ನಿಮಗೆ ಸಂತೋಷವಾದೀತು. ಆದರೆ ಹಾಗಾಗಲಿಲ್ಲ! ಅವಳಿಗೆ ಬಂದದ್ದು ಕೋಪ, ಮೈಯೆಲ್ಲ ಉರಿಯುವಂಥ ಕೋಪ. ಯಾವ ಅಪರಾಧವನ್ನು ಹೊತ್ತು ಅವಳ ತಾರುಣ್ಯ ಬಾಗಿಹೋಯಿತೋ ಆ ಅಪರಾಧ ಅವಳದಾಗಿರಲಿಲ್ಲ; ಯಾವ ಭಾರ ಅವಳನ್ನು ತನ್ನತ್ತ ನೂಕುವುದೆಂದು ಅವನು ಕಾದಿದ್ದನೋ ಅದೇ ಭಾರ ಅವಳನ್ನು ದೂರ ಇಟ್ಟಿತ್ತು. “ಇಪ್ಪತ್ತೈದು ವರ್ಷ!” ಎಂದಳು. ಸ್ಟಿಕ್ಕನ್ನು ಎದೆಗವಚಿಕೊಂಡು ಹೊರಟುಹೋದಳು. ಅವಳ ಕೊಡೆ ಅಂಗಡಿಯ ಬಾಗಿಲಲ್ಲೇ ಉಳಿಯಿತು.

ಮರುದಿನದ ಸಂಜೆ, ಅದೇ ಹೊಂಬೆಳಕು. ಅಕ್ಕನ ಹಿಂದೆ ಅರ್ಧ ಅಡಗಿಕೊಂಡು ಕಡ್ಡಿ ಬಂದಿದ್ದಳು. ಮಿಸ್ ಸ್ಟಿಕ್ ಹಿಡಿಯುತ್ತಾರೆಂಬ ಸುದ್ದಿ ಅದಾಗಲೇ ಬೀದಿಯೆಲ್ಲ ಹಬ್ಬಿತ್ತು. ಮಿಸ್ ಎಲ್ಲರನ್ನೂ ಗೆರೆಯ ಹೊರಗೆ ನಿಲ್ಲಿಸಿದಳು, ಚೆಂಡಿನ ಮುಂದೆ ನಿಂತಳು. ಇಪ್ಪತ್ತು ಜೋಡಿ ಕಣ್ಣುಗಳ ಎದುರು ಸ್ಟಿಕ್ ಎತ್ತಿ ಬೀಸಿದಳು... ಏಟು ನೆಲಕ್ಕೆ ಬಿತ್ತು! ಮಣ್ಣು ಹಾರಿತು, ಚೆಂಡು ಮಾತ್ರ ಸೋಮಾರಿಯಂತೆ ಮೂರು ಗೇಣು ಉರುಳಿ ಕೂತುಬಿಟ್ಟಿತು.

ಮೊದಲು ನಕ್ಕವಳು ಕಡ್ಡಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಯಾರ ಅಪ್ಪಣೆಗೂ ಕಾಯದೆ ತಗಡಿನ ಕೋಣೆಗೆ ಓಡಿ, ತನ್ನ ಸ್ಟಿಕ್ ತಂದು, ಗೆರೆಯ ಬಳಿ ಗಕ್ಕನೆ ನಿಂತು ಕೂಗಿದಳು: “ಮಿಸ್, ಸೀಟಿ ಊದಿ! ನಾನು ತೋರಿಸ್ಕೊಡ್ತೀನಿ!”

ಮಿಸ್ ಸೀಟಿ ಊದಿದಳು. ಕಡ್ಡಿ ಬಂದು, ಅವಳ ಬಲಗೈಯನ್ನು ಹಿಡಿದು ಕೊಂಚ ಕೆಳಗೆ ಜರುಗಿಸಿ, ದೊಡ್ಡ ಮನುಷ್ಯಳಂತೆ, “ಈಗ ನೋಡಿ,” ಎಂದಳು. ಎರಡನೆಯ ಏಟಿಗೆ ಚೆಂಡು ನೆಲ ಬಿಡದೆ, ಗೆರೆ ಎಳೆದಂತೆ, ಗೋಲಿನ ಹಲಗೆಗೆ ಹೋಗಿ ಬಡಿಯಿತು. ಆ ಸದ್ದು ಅವಳ ಮುಂಗೈಯಿಂದ ಹೃದಯದವರೆಗೆ ಓಡಿತು. ತಾನು ಈ ಆಟವನ್ನು ಎಷ್ಟು ಪ್ರೀತಿಸುತ್ತಿದ್ದೆನೆಂಬುದು ಅವಳಿಗೆ ಆಗ ನೆನಪಾಯಿತು.

ಕಡೆಯ ಕಾಲು ಗಂಟೆ. ಮಕ್ಕಳ ಕೂಗಾಟದ ನಡುವೆ ಅವಳು ತಲೆಯೆತ್ತಿದಾಗ ಮೈದಾನದ ಆಚೆ ಅವನು ನಿಂತಿದ್ದ. ಕೈಯಲ್ಲಿ ಅವಳ ಕೊಡೆ. ಚಪ್ಪಲಿಯ ತುದಿ ಸುಣ್ಣದ ಗೆರೆಗೆ ತಾಗದಂತೆ, ಒಂದಂಗುಲ ಹಿಂದೆ. ಒಳಗೆ ಬರಲಿಲ್ಲ, ಕರೆಯಲಿಲ್ಲ, ಸುಮ್ಮನೆ ಕಾಯುತ್ತಿದ್ದ. ಅವಳ ಕೋಪ ಇನ್ನೂ ಆರಿರಲಿಲ್ಲ. ಆದರೂ ಕೈ ಜೇಬಿಗೆ ಹೋಯಿತು. ಸೀಟಿಯಿಲ್ಲದ ಕಾಲು ಗಂಟೆಯಲ್ಲಿ ಸೀಟಿ ಕೇಳಿ ಮಕ್ಕಳೆಲ್ಲ ಬೆರಗಾಗಿ ನಿಂತರು. ಅವನು ಗೆರೆ ದಾಟಿದ.

ಅವಳು ಅವನತ್ತ ನಡೆದಳು. ಅಭ್ಯಾಸಬಲದಿಂದ ಕಾಲು ಅವನ ಎಡಬದಿಗೆ ಹೊರಳಿತು. ಅಲ್ಲೇ ಒಂದು ಗಳಿಗೆ ತಡೆದು, ಅವನನ್ನು ಬಳಸಿಕೊಂಡು ಹೋಗಿ, ಬಲಕ್ಕೆ ನಿಂತಳು. ಅವನು ನೋಡಿದ. ಅವಳ ಹಣೆಯ ಗೆರೆಗಳನ್ನು, ಕೆನ್ನೆಯ ಧೂಳನ್ನು, ನರೆತ ಕೂದಲನ್ನು, ಇಪ್ಪತ್ತೈದು ವರ್ಷಗಳನ್ನು ಒಂದೇ ಕಣ್ಣಿನಿಂದ ನೋಡಿದ. ಮಕ್ಕಳು ಮತ್ತೆ ಆಟಕ್ಕಿಳಿದರು.

ಹೋದ ಸಂಜೆಗಳು ಹಿಂತಿರುಗುವುದಿಲ್ಲ, ಸಹೃದಯರೇ. ಅವಳ ಕೋಣೆಯ ಎರಡನೆಯ ಕುರ್ಚಿಯ ಮೇಲಿನ ಬಟ್ಟೆಗಳು ಅಂದೂ ಅಲ್ಲೇ ಇದ್ದವು; ಮುಂದೇನಾಯಿತೆಂದು ಹೇಳುವ ಅವಸರ ನನಗಿಲ್ಲ. ಮನುಷ್ಯನ ಹೃದಯ ಎಷ್ಟು ಭಾರವನ್ನಾದರೂ ಹೊರಬಲ್ಲದು, ಎಷ್ಟು ಕಾಲವಾದರೂ ಕಾಯಬಲ್ಲದು. ಆದರೆ ಒಂದು ಸಣ್ಣ ಮಾತನ್ನು ಹೊತ್ತಿಗೆ ಸರಿಯಾಗಿ ಆಡುವುದನ್ನು ಮಾತ್ರ ಅದು ಇನ್ನೂ ಕಲಿಯಬೇಕಾಗಿದೆ. ಆ ಸಂಜೆ ಬೆಳಕು ಗಿರಣಿಯ ಗೋಡೆಯಿಂದ ಇಳಿದು ಹೋಗುವವರೆಗೂ ಅವಳು ಅವನಿಗೆ ಕಾಣುವ ಕಡೆಯಲ್ಲೇ ನಿಂತಿದ್ದಳು.