ಪಕ್ಕದ ಸೀಟಿನ ತೂಕ

ನಮ್ಮ ಬೀದಿಯ ದರ್ಜಿ ನಡೆಯುವಾಗಲೂ ತಿರುವಿನಲ್ಲಿ ಒಳಬದಿಗೆ ವಾಲುತ್ತಾರೆ. ಕೈಯಲ್ಲಿ ಹಾಲಿನ ಪಾತ್ರೆಯಿರಲಿ, ಹೆಗಲ ಮೇಲೆ ಬಟ್ಟೆಯ ಗಂಟಿರಲಿ, ಮೂಲೆಯಂಗಡಿ ಬಂತೆಂದರೆ ಒಂದು ಭುಜ ತಗ್ಗಿ ಇನ್ನೊಂದು ಏರುತ್ತದೆ. ತಿರುವು ದಾಟಿದೊಡನೆ ಎರಡೂ ಏನೂ ಆಗದಂತೆ ಸ್ವಸ್ಥಾನಕ್ಕೆ ಮರಳುತ್ತವೆ. ಹೊಸಬರು ಪಾಪ, ಸೊಂಟನೋವಿರಬೇಕೆಂದು ಮರುಗುತ್ತಾರೆ. ಬಲ್ಲವರು ಅದು ಕಾರಿನ ಹುಚ್ಚೆಂದು ನಗುತ್ತಾರೆ.

ಊರಿಗೆಲ್ಲ ಉಡುಪು ಹೊಲಿಯುವ ಈ ಮಹಾಶಯರ ಮೈಮೇಲೆ ಇರುವುದು ಒಂದೇ ಬೂದುಬಣ್ಣದ ಕೋಟು. ಅದರ ಬಲಜೇಬಿನಲ್ಲಿ ಸೀಮೆಸುಣ್ಣ, ಎಡಜೇಬಿನಲ್ಲಿ ಸ್ಪ್ಯಾನರು. ಹಳೆಯ ಅಳತೆಗೆ ಹೊಸ ಬಟ್ಟೆ ಕತ್ತರಿಸುವುದು ಅವರ ಮಟ್ಟಿಗೆ ಮಹಾಪರಾಧ. ಮೊನ್ನೆ ಮೊನ್ನೆ ಬಂದಿದ್ದೆನಲ್ಲ ಎಂದು ಯಾರಾದರೂ ಗೊಣಗಿದರೆ, ಟೇಪು ಬಿಚ್ಚುತ್ತಲೇ ಹೇಳುತ್ತಾರೆ: “ಮೊನ್ನೆ ಮೈ ಮೊನ್ನೆಗಾಯ್ತು. ಕೈ ಎತ್ತಿ.”

ಅವರ ಕಾರು ಎರಡೇ ಸೀಟಿನ, ಕೆಂಪು ಬಣ್ಣದ, ವಯಸ್ಸಾದ ಸ್ಪೋರ್ಟ್ಸ್ ಕಾರು. ಎಂಜಿನ್ನಿಗೆ ಶಕ್ತಿಯೇನೋ ಇತ್ತು, ಆದರೆ ತಿರುವಿನಲ್ಲಿ ಅದು ತೂಕಡಿಸುವವನಂತೆ ಹೊರಕ್ಕೆ ಒರಗುತ್ತಿತ್ತು. ಊರಾಚೆಯ ಗುಡ್ಡದ ರಸ್ತೆಯ ತಿರುವುಗಳಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊಗಸಾಗಿ ಏರಬೇಕೆಂಬುದು ದರ್ಜಿಯ ಬಹುದಿನದ ಕನಸು. ಅದಕ್ಕಾಗಿ ಸಿಕ್ಕಿದ್ದರಲ್ಲೇ ಅತಿ ಗಡುಸಾದ ಸ್ಪ್ರಿಂಗುಗಳನ್ನು ಹಾಕಿಸಿದರು. ಕಾರು ಸೆಟೆದು ನಿಂತಿತು ನಿಜ, ಆದರೆ ರಸ್ತೆಯ ಒಂದೊಂದು ಕಲ್ಲೂ ನೇರವಾಗಿ ಬೆನ್ನುಮೂಳೆಗೇ ಬಡಿಯತೊಡಗಿತು. ಆಕೆ ಅರ್ಧದಾರಿಯಲ್ಲೇ ಇಳಿದು, ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಇನ್ನು ಆ ಕಾರನ್ನು ಹತ್ತುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಪಕ್ಕದ ಸೀಟು ಖಾಲಿಯಾದ ಮೇಲೆ ದರ್ಜಿಗೆ ಕಾರೂ ರುಚಿಸಲಿಲ್ಲ, ಊಟವೂ ರುಚಿಸಲಿಲ್ಲ.

ಆದರೆ ಹಟ ಬಿಡುವ ಆಸಾಮಿ ಅಲ್ಲ. ಗ್ಯಾರೇಜಿನ ಮೇಸ್ತ್ರಿಯನ್ನು ಕಾಡಿ ಬೇಡಿ ಗಡುಸು ಸ್ಪ್ರಿಂಗುಗಳನ್ನು ತೆಗೆಸಿ ಹದವಾದವನ್ನು ಹಾಕಿಸಿದರು. ಬಿಗಿ ಹೆಚ್ಚುಕಡಿಮೆ ಮಾಡಬಹುದಾದ ಶಾಕ್ ಅಬ್ಸಾರ್ಬರುಗಳು ಬಂದವು. ಕಾರು ವಾಲದಂತೆ ತಡೆಯಲು ಎರಡು ಬದಿಯ ಚಕ್ರಗಳ ನಡುವೆ ದಪ್ಪನೆಯ ಸರಳು ಬಂತು. ಕೊನೆಗೆ ಉಳಿದದ್ದು, ಕೂರುವವರ ಭಾರ ಸಹಿತ ನಾಲ್ಕು ಚಕ್ರಗಳನ್ನೂ ತೂಕದ ತಟ್ಟೆಗಳ ಮೇಲೆ ನಿಲ್ಲಿಸಿ ಸಮತೋಲ ಮಾಡುವ ಕೆಲಸ. ದರ್ಜಿ ಸ್ಟೀರಿಂಗ್ ಹಿಡಿದು ಕೂತರು. ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು, ಒಂದು ಮರಳಿನ ಚೀಲ ಕೂತಿತು.

ಅಂಗಡಿಯ ಬೀಗದ ಕೈ ಕೊಡಲು ಹೆಂಡತಿ ಬಂದದ್ದು ಆಗಲೇ.

“ಇದ್ಯಾರ್ರೀ?” ಎಂದರು, ಚೀಲದ ಕಡೆ ನೋಡಿ.

“ನೀನೇ ಕಣೇ.”

ಮೇಸ್ತ್ರಿ ಕೈಯಲ್ಲಿನ ಕೆಲಸ ನಿಲ್ಲಿಸಿದ. ಚೀಲವನ್ನು ಯಾವ ಲೆಕ್ಕದಲ್ಲಿ ತುಂಬಿದ್ದೆಂದು ಆಕೆ ವಿಚಾರಿಸಿದಾಗ, ಮದುವೆಯಾದ ಹೊಸತರಲ್ಲಿ ರೈಲ್ವೆ ನಿಲ್ದಾಣದ ಯಂತ್ರದ ಮೇಲೆ ಆಕೆ ನಿಂತಿದ್ದಾಗ ಕಂಡ ತೂಕವೆಂದು ದರ್ಜಿ ಮೆಲ್ಲಗೆ ಒಪ್ಪಿಕೊಂಡರು.

“ಊರೋರಿಗೆಲ್ಲ ಹೊಸ ಅಳತೆ, ನನಗೊಬ್ಬಳಿಗೆ ಹಳೇದಾ?” ಆಕೆ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಅವಳನ್ನ ಇಳಿಸಿ. ನಾನೇ ಕೂತ್ಕೋತೀನಿ,” ಎಂದರು.

ಆಕೆ ಕೂತರು. ಆ ಬದಿಯ ತಟ್ಟೆಗಳ ಮುಳ್ಳು ಸರ್ರನೆ ಓಡಿತು. ಮೇಸ್ತ್ರಿ ಮರ್ಯಾದಸ್ಥ, ಸೂರಿನ ಕಡೆ ನೋಡಿದ. ಮಾಡಿದ ಲೆಕ್ಕವೆಲ್ಲ ನೀರುಪಾಲಾಗಿ ಒಂದೊಂದು ಸ್ಪ್ರಿಂಗನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಅಷ್ಟು ಹೊತ್ತೂ ಆಕೆ ಕಡಲೆಕಾಯಿ ಸುಲಿಯುತ್ತ, ಗಂಡನಿಗೊಂದು ತನಗೊಂದು ಹಂಚುತ್ತ, ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ಸಂಜೆ ಗುಡ್ಡದ ರಸ್ತೆಗೆ ಹೋದರು. ಮೊದಲ ತಿರುವಿನಲ್ಲಿ ಆಕೆಯ ಕೈ ಬಾಗಿಲನ್ನು ಭದ್ರವಾಗಿ ಹಿಡಿದಿತ್ತು. ಮುಂದಿನದರಲ್ಲಿ ಕೈ ಮಡಿಲಿಗೆ ಬಂತು. ಕಾರು ವಾಲಲಿಲ್ಲ, ಕುಕ್ಕಲಿಲ್ಲ, ಗೆರೆ ಎಳೆದಂತೆ ತಿರುಗಿತು. ಅದರ ಮುಂದಿನದರಲ್ಲಿ ಆಕೆಯ ಭುಜ ತಾನಾಗಿಯೇ ಒಳಬದಿಗೆ ತಗ್ಗಿದ್ದನ್ನು ಓರೆಗಣ್ಣಿನಲ್ಲಿ ಕಂಡಾಗ ತಮಗಾದ ಸಂತೋಷವನ್ನು ದರ್ಜಿ ಇಂದಿಗೂ ಗಿರಾಕಿಗಳಿಗೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಬಣ್ಣಿಸುತ್ತಾರೆ. ಗುಡ್ಡ ಇಳಿದ ಮೇಲೆ ಆಕೆ ಹೇಳಿದ್ದಿಷ್ಟೇ: “ಇನ್ನೊಂದ್ಸಲ ಹತ್ತೋಣ.”

ಮರಳಿನ ಚೀಲ ಈಗ, ಅಂಗಡಿಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ, ಅದಕ್ಕೆ ಒರಗಿಕೊಂಡಿದೆ. ಬೀದಿಯ ಮೂಲೆಯಲ್ಲಿ ವಾಲುವವರು ಈಗ ಇಬ್ಬರು.

ಕೈಯಲ್ಲಿ ಹತಾರ ಹಿಡಿದು ಪ್ರೀತಿಸುವ ಇಂಥವರು ಲೋಕವನ್ನೆಲ್ಲ ದಿನದಿನವೂ ಹೊಸದಾಗಿ ಅಳೆಯುತ್ತಾರೆ. ಪ್ರೀತಿಯ ಜೀವವೊಂದನ್ನು ಮಾತ್ರ ಮೊದಲು ಕಂಡ ದಿನದ ಅಳತೆಯಲ್ಲೇ ಎದೆಯೊಳಗಿಟ್ಟುಕೊಂಡು ದುಡಿಯುತ್ತಾರೆ. ತಪ್ಪು ಅವರದೇ, ಸಂದೇಹವಿಲ್ಲ. ಆದರೆ ಅದನ್ನು ತಿದ್ದುವುದು ಸ್ಪ್ಯಾನರಿನಿಂದ ಆಗುವ ಕೆಲಸವಲ್ಲ. ಆ ಜೀವವೇ ನಗುತ್ತ ಬಂದು ಪಕ್ಕದಲ್ಲಿ ಕೂರಬೇಕು.