ಮಗ್ಗದ ಗಂಟಲು

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಪಿಸುಮಾತಾಡಿದವರನ್ನು ನಾನು ಕಂಡಿಲ್ಲ. ಮನೆಮನೆಯಲ್ಲೂ ಪವರ್‌ಲೂಮ್ ಬಡಿಯುವಾಗ ಉಪ್ಪು ಬೇಕೆಂದರೂ ಕೂಗಬೇಕು. ಪಕ್ಕದ ಮನೆಯ ಮುನಿರತ್ನಮ್ಮ ಗಂಡನನ್ನು ಊಟಕ್ಕೆ ಕರೆದರೆ, ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನ ಇನ್ನೊಂದು ಸುತ್ತು ಹಾಕುತ್ತದೆ. ಪೈಲಟ್ ಒಬ್ಬ ನನಗೇ ಹೇಳಿದ್ದಾನೆ.

ಆಕೆಯ ಮಗಳು ಚಂದನ ವಿದೇಶದ ಕ್ರೀಡಾಕೂಟವೊಂದರಲ್ಲಿ ಗುಂಡು ಎಸೆತ ಗೆದ್ದಳು. ಗುಂಡು ಕೈಬಿಡುವಾಗ ಕೂಗಿದಳು. ಎರಡನೇ ಸ್ಥಾನಕ್ಕೆ ಬಂದ ಅಲ್ಲಿಯ ಹುಡುಗಿಯೂ ಕೂಗಿದ್ದಳು. ಅಲ್ಲಿನ ಪತ್ರಿಕೆ ಆ ಹುಡುಗಿಯ ಕೂಗನ್ನು ‘ಎದೆಯ ಕಿಚ್ಚು’ ಎಂದು ಹೊಗಳಿತು. ನಮ್ಮವಳದು ‘ಕಾಡು ಅಬ್ಬರ, ಎದುರಾಳಿಯನ್ನು ಹೆದರಿಸುವ ತಂತ್ರ’ ಎಂದಿತು. ಪತ್ರಕರ್ತ ಮಾತಾಡಿಸಲು ಹೋದಾಗ ‘ಗದರಿದಳು’ ಎಂದೂ ಸೇರಿಸಿತ್ತು. ಪಾಪ, ಅವಳು ನಮಸ್ಕಾರ ಹೇಳಿದ್ದಳು.

ಅದನ್ನೋದಿದ ಸಂಘಟಕರು ಮುಂದಿನ ಕೂಟದ ಆಹ್ವಾನ ತಡೆಹಿಡಿದರು. ಪತ್ರಿಕೆಯಲ್ಲಿ ಕ್ಷಮೆ ಕೇಳಿದರೆ ನೋಡೋಣ ಎಂದರು. ಅದೇ ಪತ್ರಕರ್ತ ವಿಡಿಯೊ ಕಾಲ್ ಮಾಡುವುದೆಂದಾಯಿತು.

ಚಂದನಳ ಅಪ್ಪ ಕೋದಂಡರಾಮಯ್ಯ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದ. “ಒಂದ್ ಸ್ವಲ್ಪ ಹೊತ್ತು ಮಗ್ಗ ನಿಲ್ಸ್ರಪ್ಪಾ. ಹುಡುಗಿ ಮೆತ್ತಗೆ ಮಾತಾಡ್ಲಿ.”

ನಿಲ್ಲಿಸಿದೆವು. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ, ಎದುರುಮನೆ ಗಂಗಣ್ಣನ ಹುಂಜ ತಾನು ಸತ್ತೇಹೋದೆನೆಂದುಕೊಂಡು ಕಾಲು ಚಾಚಿ ಮಲಗಿಬಿಟ್ಟಿತು.

ಪತ್ರಕರ್ತ ಫೋನಿನಲ್ಲಿ ನಗುತ್ತಾ ಕೇಳಿದ: “ಹಾಗೆ ಕೂಗಿದ್ದಕ್ಕೆ ಪಶ್ಚಾತ್ತಾಪ ಇದೆಯೇ?”

“ಮೆತ್ತಗೆ, ಚಂದೂ, ಮೆತ್ತಗೆ,” ಕೋದಂಡರಾಮಯ್ಯ ಫೋನಿನ ಕಡೆಗೇ ಕೈ ಮುಗಿದು ನಿಂತ.

ಆ ಮುಗಿದ ಕೈ ನೋಡಿದ್ದೇ ಚಂದನಳ ಮುಖ ಕೆಂಪೇರಿತು. “ಯಾಕಪ್ಪಾ ಕೈ ಮುಗೀತೀಯ? ಕಳ್ತನ ಮಾಡಿದೀವಾ? ಇವನಿಗೋಸ್ಕರ ಬೀದಿ ಬಾಯೆಲ್ಲಾ ಮುಚ್ಚಿಸ್ಬಿಟ್ಯಲ್ಲ! ಅಮ್ಮಾ, ಹಾಕು ಸ್ವಿಚ್ಚು!”

ಮುನಿರತ್ನಮ್ಮ ಅದಕ್ಕೇ ಕಾದಿದ್ದಳು. “ಹಾಕ್ದೆ ಕಣೇ! ಈಗ ಕೇಳವನ್ನ!”

ಅವರ ಮಗ್ಗ ಬಡಿಯಿತು. ನಾನೂ ಓಡಿಹೋಗಿ ನನ್ನದನ್ನು ಹಾಕಿದೆ. ಬೀದಿಯುದ್ದಕ್ಕೂ ಮಗ್ಗಗಳು ಶುರುವಾದವು. ಅಷ್ಟರ ಮೇಲೂ ಚಂದನ ಅವನ ಇಂಗ್ಲಿಷಿನಲ್ಲೇ ಕೂಗಿದ್ದು ನನಗೆ ಕೇಳಿಸಿತು: “ನಿಮ್ಮ ಹುಡುಗಿ ಕೂಗಿದ್ರೆ ಕಿಚ್ಚು, ನಾನು ಕೂಗಿದ್ರೆ ಕಾಡಾ? ನನ್ನ ಗುಂಡು ಎಷ್ಟು ದೂರ ಬಿತ್ತು ಅಂತ ಒಂದು ಸಾಲಾದ್ರೂ ಬರೆದ್ರಾ? ಕ್ಷಮೆ ಕೇಳಲ್ಲ, ಹೋಗ್ರಿ!”

ಮರುದಿನ ಪತ್ರಿಕೆ ‘ಆಕೆ ಮತ್ತೆ ಗದರಿದಳು’ ಎಂದು ಬರೆಯಿತು. ಈ ಸಲ ಸುಳ್ಳಿರಲಿಲ್ಲ.

ಆಹ್ವಾನ ಬರಲಿಲ್ಲ. ಚಂದನ ಈಗಲೂ ನಮ್ಮೂರ ಹತ್ತಿರದ ಮಧುರೆ ಕಡೆಯ ಬಯಲಿನಲ್ಲಿ ಗುಂಡು ಎಸೆಯುತ್ತಾಳೆ, ಮೊದಲಿಗಿಂತ ಜೋರಾಗಿ ಕೂಗುತ್ತಾಳೆ. ಒಂದೊಂದು ಕೂಗಿಗೂ ಆ ಪತ್ರಿಕೆಯ ಕಚೇರಿಯಲ್ಲಿ ಒಂದೊಂದು ಕಿಟಕಿ ಗಾಜು ಒಡೆಯುತ್ತಿದೆ. ಅದನ್ನು ಮಾತ್ರ ಅವರು ಬರೆಯುವುದಿಲ್ಲ.