ಎರಡು ಬೆರಳು ಸಡಿಲ

ನಮ್ಮ ಬೀದಿಯಲ್ಲಿ ನನ್ನನ್ನು ಕಣ್ಣಳತೆ ಟೈಲರ್ ಎಂದೇ ಕರೆಯುತ್ತಾರೆ. ಕುತ್ತಿಗೆಯಲ್ಲಿ ಟೇಪು ನೇತಾಡುವುದು ಬರೀ ಅಲಂಕಾರಕ್ಕೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಹೋಗುವವರನ್ನು ಒಮ್ಮೆ ನೋಡಿದರೆ ಸಾಕು, ಎದೆ ಎಷ್ಟು, ಸೊಂಟ ಎಷ್ಟು, ಬೆಳಿಗ್ಗೆ ತಿಂಡಿ ತಿಂದಿದ್ದಾರೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ. ಒಮ್ಮೆ ಓಡುವ ಬಸ್ಸಿನಲ್ಲಿ ನಿಂತಿದ್ದವನನ್ನು ಇಲ್ಲಿಂದಲೇ ನೋಡಿ ಕೋಟು ಹೊಲಿದಿಟ್ಟೆ. ಮರುವಾರ ಅವನು ಬಂದು ತೊಟ್ಟು ನೋಡಿದ, ಗುಂಡಿ ಹಾಕಿಕೊಂಡ, ಹಾಗೇ ಮನೆಗೆ ಹೋದ. ಬಸ್ಸಿನಲ್ಲಿದ್ದವನಿಗೆ ನನ್ನ ಅಂಗಡಿ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ.

ನನ್ನ ಹತ್ತಿರ ಹೊಲಿಸಿಕೊಂಡವರಲ್ಲಿ ಉಸಿರು ಕಟ್ಟಿತು ಎಂದವರು ಒಬ್ಬರೂ ಇಲ್ಲ. ಗುಟ್ಟು ಇಷ್ಟೇ: ಯಾವ ಅಳತೆ ತೆಗೆದರೂ ಎರಡು ಬೆರಳು ಸಡಿಲ ಸೇರಿಸಿಯೇ ಬಾಯಿ ಬಿಡುವುದು. ಯೋಚಿಸಿ ಸೇರಿಸುವುದಲ್ಲ, ರೆಪ್ಪೆ ತಾನಾಗಿ ಮಿಟುಕುತ್ತದಲ್ಲ, ಹಾಗೆ. ಗಾಢ ನಿದ್ದೆಯಿಂದ ಎಬ್ಬಿಸಿ ದೀಪದ ಕಂಬದ ಸುತ್ತಳತೆ ಕೇಳಿದರೂ ಕಂಬಕ್ಕೆ ಆರಾಮಾಗಿರಲಿ ಎಂದು ಎರಡು ಬೆರಳು ಕೂಡಿಸಿಯೇ ಹೇಳಿಯೇನು. ಮುಂದೆ ನಡೆದದ್ದಕ್ಕೆ ಈ ಒಳ್ಳೆಯ ಗುಣವೇ ಕಾರಣ.

ಮನೆಯಲ್ಲಿ ಇರುವುದು ನಾಲ್ಕೇ ಜನ, ಬಟ್ಟೆ ಮಾತ್ರ ಒಂದು ಸೈನ್ಯದ್ದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೊಂದು ಬಿಳಿ ಸಮವಸ್ತ್ರ, ವಾರ್ಡು ತುಂಬಿದ ದಿನ ಎರಡು. ಅಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಅವಳ ಏಪ್ರನ್ ಹಿಂಡಿದರೆ ಬರುವ ಎಣ್ಣೆಯಲ್ಲಿ ಇನ್ನೊಂದು ಹೊತ್ತಿನ ಅಡುಗೆ ಆಗುತ್ತದೆ. ಮಗಳು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಒಂದು ಚೆಂಡನ್ನೂ ಒಳಗೆ ಬಿಡುವುದಿಲ್ಲವೆಂದು ಗೆಳತಿಯರು ಅವಳನ್ನು ‘ಗೋಡೆ’ ಎನ್ನುತ್ತಾರೆ. ಚೆಂಡಿನ ಬದಲು ಮೈದಾನವನ್ನೇ ಮೈಗೆ ಮೆತ್ತಿಕೊಂಡು ಬರುತ್ತಾಳೆ. ಆ ಮೈದಾನ ಈಗ ಕೆರೆಯಷ್ಟು ತಗ್ಗಾಗಿದೆ ಎಂದು ಕೇಳಿದ್ದೇನೆ.

ಇಷ್ಟು ಬಟ್ಟೆ ನುಂಗುತ್ತಿದ್ದ ನಮ್ಮ ಹಳೆಯ ಪುಟ್ಟ ವಾಷಿಂಗ್ ಮಷೀನು ಒಂದು ಸಂಜೆ ಗೊರಗೊರ ಅಂತು, ಒಮ್ಮೆ ಬಿಕ್ಕಿತು, ನಿಂತೇಹೋಯಿತು. ಗುಜರಿಯವನು ಅದನ್ನು ಹೊತ್ತೊಯ್ದ. ಸಮಯ ನೋಡಿ ಕೈಕೊಟ್ಟಿತ್ತು ಅದು. ಯಾಕೆಂದರೆ ನನ್ನ ಹೆಂಡತಿ ಹೆಡ್ ನರ್ಸ್ ಪರೀಕ್ಷೆಗೆ ಕಟ್ಟಿದ್ದಳು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಈ ಸಲ ಬರೆದರೆ ಬರೆದ ಹಾಗೆ, ಇಲ್ಲವಾದರೆ ಆ ಕನಸನ್ನು ಮಡಚಿ ಬೀರುವಿನಲ್ಲಿಡಬೇಕು. ಓದಲು ಅವಳಿಗೆ ಇರುವುದು ಸಂಜೆಯೊಂದೇ. ಆ ಸಂಜೆ ಈಗ ಬಕೆಟ್ಟಿನ ಪಾಲಾಯಿತು.

“ನೀನು ಓದ್ಕೋ ಕಣೇ, ಒಗೆಯೋದು ನನಗೆ ಬಿಡು” ಅಂದೆ. ಒಗೆದೆ ಕೂಡ. ಸೋಪಿನ ನೊರೆ ಬಚ್ಚಲುಮನೆ ದಾಟಿ, ನಡುಮನೆ ದಾಟಿ, ಬೀದಿಗೆ ಇಳಿಯಿತು. ಮೋಡ ಬಿದ್ದಿದೆ ಎಂದು ಎದುರು ಮನೆಯ ಮಕ್ಕಳು ನೋಡಲು ಬಂದವು. ಅವಳು ಪುಸ್ತಕ ಮುಚ್ಚಿಟ್ಟು ಬಂದು, ನಾನು ಒಗೆದಿದ್ದನ್ನೆಲ್ಲ ಮತ್ತೆ ಅಲುಬಿದಳು.

“ರೀ, ನೀವು ಒಗೆದ್ರೆ ನನಗೆ ಎರಡು ಕೆಲಸ. ದಯವಿಟ್ಟು ಹೊಲೀತಾ ಇರಿ.”

“ಹೊಸ ಮಷೀನ್ ತಂದೇ ತರ್ತೀನಿ” ಎಂದು ಎದೆ ತಟ್ಟಿಕೊಂಡೆ. “ಬೆಟ್ಟ ಹಾಕಿದ್ರೂ ಒಗೆದು, ಹಿಂಡಿ, ಮರಳು ಮಾಡಿ ಕೊಡಬೇಕು, ಅಂಥದ್ದು.”

“ಬೆಟ್ಟ ಬೇಡಪ್ಪಾ, ನನ್ನ ಜರ್ಸಿ ಒಗೆದ್ರೆ ಸಾಕು” ಅಂದಳು ಗೋಡೆ.

ಮಷೀನು ಇಡುವ ಜಾಗ ಬಚ್ಚಲುಮನೆಯ ಹೊರಗಿನ ಗೂಡು. ಎರಡು ಕಡೆ ಗೋಡೆ, ಹಿಂದೆ ನಲ್ಲಿ, ಕೆಳಗೆ ನೀರು ಹೋಗುವ ಪೈಪು. ಸಾಮಾನ್ಯ ಕೆಲಸವಲ್ಲವೆಂದು ಅವತ್ತು ಟೇಪನ್ನೇ ಕುತ್ತಿಗೆಯಿಂದ ಇಳಿಸಿದೆ. ಗೂಡಿನ ಮುಂದೆ ಮಂಡಿಯೂರಿ, ಮದುಮಗನ ಎದೆ ಅಳೆಯುವಷ್ಟು ಶ್ರದ್ಧೆಯಿಂದ ಅಳೆದೆ. ಅಳತೆ ತಲೆಯಲ್ಲಿಟ್ಟುಕೊಂಡು, ಅಮ್ಮನನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಬಿಳಿ ಮಷೀನುಗಳು ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಹೊಟ್ಟೆಯ ಮೇಲೆ ದುಂಡು ಕಣ್ಣು. ಪಾತ್ರೆ ಕೊಳ್ಳುವವಳ ಹಾಗೆ ಅಮ್ಮ ಪ್ರತಿಯೊಂದನ್ನೂ ಬೆರಳಲ್ಲಿ ಕುಟ್ಟಿ ಕಿವಿಗೊಟ್ಟು ಕೇಳುತ್ತ ಹೋದಳು.

“ಇದು ಡಬ್ಬ. ಇದೂ ಡಬ್ಬ. ಹಾಂ, ಇದು ಗಟ್ಟಿ.”

“ಅಮ್ಮಾ, ಅದು ಫ್ರಿಜ್” ಅಂದ ಅಂಗಡಿಯವನು.

“ಗಟ್ಟಿ ಇದ್ಯೋ ಇಲ್ವೋ?”

ನಾನು ಅವನಿಗೆ ಅಗಲ ಹೇಳಿದೆ. “ನೋಡಪ್ಪಾ, ಇದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇದ್ರೂ ಬೇಡ, ಕಮ್ಮಿ ಇದ್ರೂ ಬೇಡ. ನಾನು ಕಣ್ಣಳತೆ ಟೈಲರ್.” ಅವನು ಇಡೀ ಅಂಗಡಿ ಹುಡುಕಿ, ನಾನು ಹೇಳಿದ ಅಳತೆಗೇ ಎರಕ ಹೊಯ್ದಂಥ ಮಷೀನು ತೋರಿಸಿದ. ಮುಂದೆ ಬಾಗಿಲಿರುವ, ಹೊಟ್ಟೆ ದೊಡ್ಡದಾದ ಮಷೀನು. ಅಮ್ಮ ಕುಟ್ಟಿ ನೋಡಿ ತಲೆಯಾಡಿಸಿದಳು. ಮುಗಿಯಿತು.

ಮನೆಗೆ ಅದನ್ನು ತಂದ ದಿನ ಬೀದಿಯೇ ಸ್ತಬ್ಧ. ಫಿಟ್ಟಿಂಗ್‌ಗೆಂದು ಬಂದವನು ಲಟಪಟ ಮಾತಿನ ಮನುಷ್ಯ. ಕೈಗಿಂತ ಬಾಯಿ ಚುರುಕು. ಪೆಟ್ಟಿಗೆ ಬಿಚ್ಚಿದ, ಥರ್ಮಾಕೋಲ್ ತೆಗೆದ, ಹಿಂಭಾಗದಲ್ಲಿದ್ದ ಉದ್ದನೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಕೈಗಿಟ್ಟ.

“ಸಾರ್, ದಾರಿಯಲ್ಲಿ ಡ್ರಮ್ ಅಲ್ಲಾಡಬಾರದು ಅಂತ ಹಾಕಿರ್ತಾರೆ ಇವನ್ನ. ತೆಗೀದೆ ಓಡಿಸಿದ್ರೆ ಮಷೀನ್ ಮನೆ ಬಿಟ್ಟು ಓಡುತ್ತೆ. ಎತ್ತಿಡಿ, ಮನೆ ಬದಲಾಯಿಸೋವಾಗ ಬೇಕು.”

“ಬಟ್ಟೆ ಅಳತೆಗೆ ಇಟ್ಕೊಂಡಿರೋ ನನ್ನ ಪೇಪರ್ ಕಟಿಂಗ್ ಗಾಳಿಗೆ ಹಾರದ ಹಾಗೆ ಮೇಲಿಡೋಕೆ ಹೇಳಿ ಮಾಡಿಸಿದ ಹಾಗಿವೆ” ಎಂದು ಜೇಬಿಗಿಳಿಸಿದೆ.

ಆಮೇಲೆ ಮಷೀನನ್ನು ಗೂಡಿನ ಮುಂದಕ್ಕೆ ತಳ್ಳಿದೆವು. ಗೂಡಿನ ಬಾಯಿಗೆ ಬಂದು ನಿಂತಿತು. ಇನ್ನೊಮ್ಮೆ ತಳ್ಳಿದೆವು. ನಿಂತೇ ಇತ್ತು.

“ಓರೆ ಹಿಡಿ” ಅಂದೆ. ಓರೆ ಹಿಡಿದೆವು. “ನೇರ ಮಾಡು” ಅಂದೆ. ನೇರ ಮಾಡಿದೆವು. ಮಗಳು ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಭುಜ ಕೊಟ್ಟಳು. ಇಡೀ ಮನೆ ಅಲುಗಿತು, ಅಡುಗೆಮನೆಯಲ್ಲಿ ಲೋಟಗಳೆಲ್ಲ ಎದ್ದು ಜಾಗ ಬದಲಾಯಿಸಿದವು. ಮಷೀನು ಮಾತ್ರ ಒಳಗೆ ಹೋಗಲಿಲ್ಲ.

“ನಿಮ್ಮ ಮನೆ ಗೋಡೆ ದಪ್ಪ ಆಗಿರಬೇಕು” ಅಂದೆ ಫಿಟ್ಟಿಂಗ್‌ನವನಿಗೆ.

“ನಮ್ಮನೆ ಅಲ್ಲ ಸಾರ್, ನಿಮ್ಮನೆ.”

ಅಷ್ಟು ಹೊತ್ತಿಗೆ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಚಪ್ಪಲಿಯನ್ನೂ ಬಿಡದೆ ಬಂದು ನೋಡಿದಳು. ಗೋಡೆಯ ಅಂಚು ದಾಟಿ ಹೊರಗುಳಿದ ಮಷೀನಿನ ಅಂಚಿಗೆ ಬೆರಳಿಟ್ಟು ನೋಡಿದಳು. ಒಂದು ಬೆರಳು. ಎರಡು ಬೆರಳು. ಮೆಲ್ಲಗೆ ನನ್ನ ಕಡೆ ತಿರುಗಿದಳು.

“ರೀ. ಗೂಡಿನ ಅಳತೆಗೆ ಎರಡು ಬೆರಳು ಸೇರಿಸಿ ಹೇಳಿದ್ರಾ?”

ಅಮ್ಮನಿಗೆ ಅರ್ಥವಾಯಿತು. ನೆಲದ ಮೇಲೆ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಲೋ, ಗೂಡಿಗೆ ಅಂಗಿ ಹೊಲಿಯೋಕೆ ಹೊರಟಿದ್ದೆಯೇನೋ! ಅದಕ್ಕೂ ಉಸಿರು ಕಟ್ಟಬಾರದು ಅಂತಾನಾ?” ಗೋಡೆ ನಕ್ಕಳು. ಫಿಟ್ಟಿಂಗ್‌ನವನು ಮರ್ಯಾದೆಗೆಂದು ಬಾಗಿಲ ಕಡೆ ಮುಖ ಮಾಡಿ ನಕ್ಕ.

ಹೆಂಡತಿ ನಗಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಅವಳು ಅಂಗಡಿಗೆ ಫೋನು ಹಚ್ಚಿದಳು. ಚಿಕ್ಕ ಮಷೀನು ಸದ್ಯಕ್ಕಿಲ್ಲ, ತರಿಸಿಕೊಡುತ್ತಾರೆ, ಆದರೆ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ.

“ಹೋಗ್ಲಿ ಬಿಡಿ, ಇದನ್ನ ವಾಪಸ್ ಕಳಿಸಿ” ಎಂದಳು. ಚಪ್ಪಲಿ ಬಿಟ್ಟಳು. ಚೀಲದಿಂದ ಪುಸ್ತಕ ತೆಗೆದು ಕಪಾಟಿನ ಮೇಲಿಟ್ಟಳು, ಮೇಜಿನ ಮೇಲಲ್ಲ, ಕೈಗೆಟುಕದ ಮೇಲಿನ ಹಲಗೆಯಲ್ಲಿ. ಬಕೆಟ್ಟಿಗೆ ನೀರು ಬಿಟ್ಟು, ಸಮವಸ್ತ್ರ ನೆನೆಹಾಕಿ, ತೋಳು ಮೇಲೇರಿಸಿಕೊಂಡಳು. ಕುಕ್ಕರಿಸಿ ನಗುತ್ತಿದ್ದ ಅಮ್ಮ ನೆಲದಿಂದ ಮೆಲ್ಲಗೆ ಎದ್ದಳು.

ನಾನು ನನ್ನ ಕೆಲಸದ ಕೋಣೆಗೆ ಹೋಗಿ ನಿಂತೆ. ಬೀದಿ ಕಡೆಯ ಕೋಣೆ, ಮನೆಯಲ್ಲೇ ಒಳ್ಳೆಯ ಬೆಳಕು ಇರುವುದು ಅಲ್ಲಿ. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ. ನಡುವೆ ಬಟ್ಟೆ ಕತ್ತರಿಸುವ ಮೇಜು. ಆ ಕಿಟಕಿಯಲ್ಲಿ ಕೂತರೆ ನಾನು ರಾಜ. ಹೋಗುವವರು ನಿಂತು ಮಾತಾಡಿಸುತ್ತಾರೆ, ನಾನು ಅವರ ಸೊಂಟದ ಬಗ್ಗೆ ಅಭಿಪ್ರಾಯ ಹೇಳುತ್ತೇನೆ, ಅವರು ಬೈದು ಹೋಗುತ್ತಾರೆ, ಮರುದಿನ ಬಟ್ಟೆ ತರುತ್ತಾರೆ. ಆ ಜಾಗದಲ್ಲಿ ನನ್ನ ಕತ್ತರಿಯನ್ನು ಒಂದು ಗೇಣು ಸರಿಸಲು ಕೂಡ ಯಾರಿಗೂ ಧೈರ್ಯವಿಲ್ಲ. ಕಿಟಕಿಯ ಕೆಳಗೆ ಒಂದು ನಲ್ಲಿ, ನೀರು ಹೋಗಲು ಒಂದು ಪೈಪು. ಹೊಸ ಹತ್ತಿ ಬಟ್ಟೆ ಹೊಲಿದ ಮೇಲೆ ಕುಗ್ಗಬಾರದೆಂದು ಮೊದಲೇ ನೆನೆಸಿ ಒಣಗಿಸಲು ನಾನೇ ಹಾಕಿಸಿಕೊಂಡದ್ದು.

ನಲ್ಲಿ. ಪೈಪು. ಹೊಲಿಗೆ ಯಂತ್ರ ಎತ್ತಿದರೆ ಬೇಕಾದಷ್ಟು ಜಾಗ.

ಬಚ್ಚಲುಮನೆಯಿಂದ ಬಟ್ಟೆ ಉಜ್ಜುವ ಸದ್ದು ಕೇಳುತ್ತಿತ್ತು. ಕಿಟಕಿಯಾಚೆ ಯಾರೋ “ಏನ್ ಟೈಲರೇ, ಹೊಸ ಮಷೀನಂತೆ!” ಎಂದು ಕೂಗಿದರು. ಮೊದಲ ಸಲ ನಾನು ತಿರುಗಿ ಅವರ ಸೊಂಟ ನೋಡಲಿಲ್ಲ.

“ಫಿಟ್ಟಿಂಗಪ್ಪಾ, ಬಾ ಇಲ್ಲಿ!” ಎಂದು ಒಳಗೆ ಕೂಗಿದೆ. “ಅಲ್ಲಿ ಯಾಕೆ ಸುಮ್ನೆ ತಳ್ಳಾಡ್ತಿದೀಯಾ? ಮಷೀನು ಇಡೋ ಜಾಗ ಇದು. ನಾನು ಮೊದಲಿಂದ್ಲೂ ಇಲ್ಲಿಗೇ ಅಂತ ಅಂದ್ಕೊಂಡಿದ್ದೆ.”

“ಮತ್ತೆ ಆ ಗೂಡಿಗೆ ಯಾಕಪ್ಪಾ ನೂಕಿದ್ವಿ?” ಎಂದಳು ಗೋಡೆ.

“ಅದು ರಿಹರ್ಸಲ್.”

ನನ್ನ ಹೊಲಿಗೆ ಯಂತ್ರವನ್ನು ನಾನೂ ಮಗಳೂ ಎತ್ತಿದೆವು. ಸಾವಿರ ಆನೆಯ ಭಾರ. ಬಹುತೇಕ ನಾನೊಬ್ಬನೇ ಹೊತ್ತೆ, ಅವಳು ಬರೀ ಮುಟ್ಟಿಕೊಂಡಿದ್ದಳು. (ಅವಳು ಹೇಳುವುದು ಇದರ ತಿರುವುಮುರುವು.) ಯಂತ್ರದ ಹಲಗೆ ಮಡಚಿ ಅದನ್ನು ಬಚ್ಚಲುಮನೆಯ ಹೊರಗಿನ ಗೂಡಿಗೆ ತಳ್ಳಿದೆವು. ಸರ್ರೆಂದು ಒಳಗೆ ಹೋಯಿತು. ಅಮ್ಮ ಬಂದು ಗೋಡೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿದಳು, ಮತ್ತೆ ನಗಲು ಶುರುಮಾಡಿದಳು. ಎರಡು ಬೆರಳು. ಸರಿಯಾಗಿ ಎರಡು ಬೆರಳು ಸಡಿಲ.

“ನೋಡಿದ್ಯಾ? ನನ್ನ ಅಳತೆ ತಪ್ಪಿದ್ದುಂಟಾ?”

“ಅಯ್ಯೋ ನಿನ್ನ ಬಡಾಯಿಗಿಷ್ಟು!” ಎಂದಳು ಅಮ್ಮ. ಆದರೆ ತನ್ನ ಕೋಣೆಯ ಒಳ್ಳೆಯ ಬಲ್ಬನ್ನು ಬಿಚ್ಚಿ ತಂದು ಗೂಡಿನ ಮೇಲೆ ಹಾಕಿಸಿದ್ದು ಅವಳೇ.

ಫಿಟ್ಟಿಂಗ್‌ನವನು ಕಿಟಕಿಯ ಕೆಳಗೆ ಪೈಪು ಸಿಕ್ಕಿಸಿದ, ಮಷೀನಿನ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದ, ಮೊದಲು ಖಾಲಿ ಓಡಿಸಿ ತೋರಿಸಿದ. ಒಂದು ಹನಿ ಸೋರಲಿಲ್ಲ. ಆಮೇಲೆ ನಾನು ಬಚ್ಚಲುಮನೆಗೆ ಹೋಗಿ, ಹೆಂಡತಿಯ ಕೈಕೆಳಗಿನ ಬಕೆಟ್ಟನ್ನೇ ಎಳೆದುಕೊಂಡೆ.

“ಏನ್ರೀ ಇದು?”

“ಏಳು. ನಿನ್ನ ಮೇಜು ಕಾಯ್ತಿದೆ.”

ಅವಳು ನೊರೆಯ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಕಿಟಕಿಯ ಕೆಳಗೆ ಬಿಳಿ ಮಷೀನು. ಖಾಲಿ ಮಾಡಿದ ಕತ್ತರಿಸುವ ಮೇಜಿನ ಮೇಲೆ ಅವಳ ಪುಸ್ತಕ, ಹಾಳೆ ಹಾರದ ಹಾಗೆ ಮೇಲೆ ಆ ಉದ್ದನೆಯ ಬೋಲ್ಟು. ಹೊಲಿಗೆ ಯಂತ್ರ ಇದ್ದ ಜಾಗ ನೋಡಿದಳು, ನನ್ನನ್ನು ನೋಡಿದಳು.

“ನೀವು ಎಲ್ಲಿ ಕೂರ್ತೀರಿ?”

“ಗೂಡಲ್ಲಿ. ದೊಡ್ಡ ಟೈಲರುಗಳೆಲ್ಲ ಗೂಡಲ್ಲೇ ಹೊಲಿಯೋದು. ಈ ಬೀದಿ ಬೆಳಕು ಕಣ್ಣಿಗೆ ಒಳ್ಳೇದಲ್ಲ ಅಂತ ಎಷ್ಟು ದಿನದಿಂದ ಹೇಳ್ತಾನೇ ಇದೀನಿ.”

“ಯಾವತ್ತೂ ಹೇಳಿಲ್ಲ ನೀವು.”

“ಮನಸ್ಸಲ್ಲಿ ಹೇಳ್ಕೊಂಡಿದ್ದೆ.”

ಅವತ್ತಿನಿಂದ ಸಂಜೆಯಾದರೆ ಮಷೀನು ಗುಂಯ್‌ಗುಟ್ಟುತ್ತಿತ್ತು, ಅವಳು ಓದುತ್ತಿದ್ದಳು. ಪ್ರಶ್ನೆಗಳನ್ನು ಜೋರಾಗಿ ಓದಿದರೆ ನಾನು ಗೂಡಿನಿಂದಲೇ ಉತ್ತರ ಕೊಡುತ್ತಿದ್ದೆ. ರೋಗಿಗೆ ಜ್ವರ ಏರಿದರೆ ಏನು ಮಾಡಬೇಕು ಎಂದರೆ, “ಅಂಗಿ ಒಂದು ಸುತ್ತು ಸಡಿಲ ಮಾಡಬೇಕು” ಅಂದೆ. “ಅದೂ ಒಂದು ಥರ ಸರಿನೇ” ಎಂದಳು. ಅಲ್ಲಿಂದ ಮುಂದೆ ಇಡೀ ವೈದ್ಯಶಾಸ್ತ್ರ ನನಗೆ ಕರತಲಾಮಲಕ.

ಪರೀಕ್ಷೆಯಲ್ಲಿ ಅವಳು ಆಸ್ಪತ್ರೆಯ ಚರಿತ್ರೆಯಲ್ಲೇ ಯಾರೂ ತೆಗೆಯದಷ್ಟು ಅಂಕ ತೆಗೆದಳು. “ಪಾಸಾದೆ ರೀ, ಅಷ್ಟೇ” ಎನ್ನುತ್ತಾಳೆ. ಅವಳಿಗೆ ಮಾತು ಉಬ್ಬಿಸಲು ಬರುವುದಿಲ್ಲ. ಅದೊಂದು ಕೊರತೆ ಬಿಟ್ಟರೆ ಅಪರಂಜಿ.

ಫಲಿತಾಂಶ ಬಂದ ಸಂಜೆ ಅವಳು ಗೂಡಿನ ಹತ್ತಿರ ಬಂದು ಗೋಡೆಗೆ ಒರಗಿ ನಿಂತಳು. ಅವಳ ಹೊಸ ಸಮವಸ್ತ್ರದ ಕಾಲರು ನನ್ನ ಸೂಜಿಯ ಕೆಳಗಿತ್ತು.

“ಇನ್ನು ನನಗೆ ಅಷ್ಟು ದೊಡ್ಡ ಮೇಜು ಬೇಡ. ಅದನ್ನ ಆ ಮೂಲೆಗೆ ಸರಿಸಿದ್ರೆ ನಿಮ್ಮ ಯಂತ್ರ ಮತ್ತೆ ಕಿಟಕಿ ಹತ್ರ ಹಿಡಿಯುತ್ತೆ. ಬೀದಿಯವರು ದಿನಾ ಕೇಳ್ತಾರೆ, ಟೈಲರ್ ಎಲ್ಲಿ ಕಾಣ್ತಾನೇ ಇಲ್ಲ ಅಂತ.”

“ಕೇಳ್ಲಿ ಬಿಡು. ಹೆಸರು ಇನ್ನೂ ಜಾಸ್ತಿ ಆಗುತ್ತೆ.”

“ಸುಮ್ನೆ ಹೇಳ್ಬೇಡಿ. ಇಲ್ಲಿಂದ ಏನು ಕಾಣುತ್ತೆ ನಿಮಗೆ?”

ನಾನು ಸೂಜಿಯಿಂದ ಕಣ್ಣೆತ್ತಲಿಲ್ಲ. ಗೂಡಿನಿಂದ ನೋಡಿದರೆ ನಡುಮನೆಯ ಉದ್ದಕ್ಕೂ ನೇರ ಆ ಮೇಜು ಕಾಣುತ್ತದೆ. ಓದುವಾಗ ಅವಳ ಕನ್ನಡಕ ಮೂಗಿನ ತುದಿಗೆ ಜಾರುವುದು, ಪೆನ್ನಿನ ಹಿಂಬದಿ ಕಚ್ಚುವುದು, ಅರ್ಥವಾದಾಗ ಒಬ್ಬಳೇ ತಲೆಯಾಡಿಸುವುದು, ಎಲ್ಲ. ಬೀದಿಯಲ್ಲಿ ಜಗತ್ತನ್ನೇ ಅಳೆದವನು ನಾನು, ಇಷ್ಟು ವರ್ಷ ಆ ಕಡೆ ಬೆನ್ನು ಹಾಕಿ ಕೂತಿದ್ದೆ.

“ಏನೂ ಕಾಣಲ್ಲ, ಅದಕ್ಕೇ ಕೆಲಸ ಚೆನ್ನಾಗಿ ಆಗುತ್ತೆ” ಅಂದೆ.

ಅವಳು ನನ್ನ ಭುಜದ ಮೇಲಿಂದ ಬಗ್ಗಿ, ನನ್ನ ಕಣ್ಣು ಇರುವ ಮಟ್ಟಕ್ಕೆ ಮುಖ ತಂದು, ಆ ಕಡೆ ನೋಡಿದಳು. ಮೇಜು, ದೀಪ, ಕುರ್ಚಿ. ಆಮೇಲೆ ಗೋಡೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಎರಡು ಬೆರಳಿಟ್ಟು ನೋಡಿದಳು.

“ಸರಿಯಾಗಿದೆ ಟೈಲರೇ” ಎಂದಳು. “ಮೇಜು ಅಲ್ಲೇ ಇರ್ಲಿ.”